ಮಗ್ಗಲು

ತಿಕೋಟಾ ದಾಟಿದರೆ ರಸ್ತೆಯ ಎಡಕ್ಕೆ
ಹಸಿರು ಜಾಳಿ ಹೊದ್ದ ನಾಕನೇ ಶೆಡ್ಡು.
ಬೆಳಗಿನ ಐದೂಮುಕ್ಕಾಲು. ಕರೆಂಟಿಲ್ಲ.
ಸಹರಿ ಮುಗಿಸಿ ಬಂದ ಜನ್ನತಬಿ
ಬ್ಯಾರಲ್ಲಿನ ಎದುರು ಕುಕ್ಕರಗಾಲಲ್ಲಿ ಕೂತು
ಬೇವಿನ ಕೋಲು ನನ್ನ ಕೈಗೆ ಕೊಟ್ಟಳು.

ಮಾಲಕರ ಭಾವ ಸಾಂಗಲಿಯಿಂದ ತಂದ ಮೋಟಾರು
ಮೂಲೆಯಲ್ಲಿ ಗೋಣೀಚೀಲ ಹೊದ್ದು ಮಲಗಿತ್ತು.
ಹೋದ ವಾರ ಗಿರ್ರೆಂದು ತಿರುಗಿ
ಬ್ಯಾರಲ್ಲಿನ ಕಂಠ ಮೀರಿ ನೊರೆ ಎಬ್ಬಿಸಿತ್ತು, ಎಲ್ಲರೂ ನಕ್ಕಿದ್ದೆವು.
ಮಧ್ಯಾಹ್ನಕ್ಕೆ ನೀರ ಮೇಲೆ ಎಣ್ಣೆಯ ಕಣ್ಣು,
ಮೊದಲು ಸಾಸಿವೆಯಷ್ಟು, ಆಮೇಲೆ ಎಂಟಾಣೆಯಷ್ಟು.
ಅವತ್ತು ಅದ್ದಿದ ದ್ರಾಕ್ಷಿ
ಒಂದು ಕೆನ್ನೆ ಹಸಿರು, ಒಂದು ಕೆನ್ನೆ ಕಂದಾಗಿ
ಕೆಳಗಿನ ಅಂತಸ್ತಿನಲ್ಲಿ ಹಾಗೇ ಬಿದ್ದಿದೆ.
ಯಾರೂ ಅದರ ಮಾತೆತ್ತುವುದಿಲ್ಲ.

"ಎಣ್ಣಿ ಮೊದಲ. ನೀರು ಆಮ್ಯಾಲ.
ಅದೂ ದಾರದಂಗ. ಸುರೀಬಾರದು."
ಬೋಗುಣಿಯಲ್ಲಿ ಡಿಪ್ಪಿಂಗ್ ಆಯಿಲ್ಲು ಹಳದಿ, ತೆಪ್ಪಗೆ.
ಅವಳು ಚರಿಗೆ ವಾಲಿಸಿದಳು; ಕಾರ್ಬೊನೇಟು ಕರಗಿದ ನೀರು
ಒಂದೇ ಎಳೆಯಾಗಿ ಇಳಿಯಿತು.
ನಾನು ತಿರುವಿದೆ, ಹಾಲು ತಳ ಹಿಡಿಯದಷ್ಟೇ ಜೋರು.

ನಾನು ವಿಜಯಪುರದಲ್ಲಿ ಬಿ.ಎಸ್ಸಿ ಎರಡನೇ ವರ್ಷ,
ಸೀಜನ್ನಿನ ಭಾನುವಾರಗಳಿಗೆ ಇಲ್ಲಿ ಕೂಲಿ.
ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟವಿದೆ, ಒಂದು ಚಿತ್ರವಿದೆ:
ತಲೆ ನೀರಿಗೆ, ಬಾಲ ಎಣ್ಣೆಗೆ ಕೊಟ್ಟು
ಸಾಲಾಗಿ ನಿಂತ ಗೊದಮೊಟ್ಟೆಯಂಥ ಕಣಗಳು.
ಐದು ಅಂಕ.
ಎಷ್ಟು ಭಾರ ಎಂದು ಬರೆದಿರಲಿಲ್ಲ.
ಬೋಗುಣಿ ಬಿಗಿಯತೊಡಗಿತು. ಮಜ್ಜಿಗೆ, ಅಂಬಲಿ,
ಕೆನೆಮೊಸರು, ಆಮೇಲೆ ಸುಣ್ಣದ ಮುದ್ದೆ.
ಕೆಟ್ಟಿತು ಅನ್ನಿಸಿ ಕೋಲು ಬಿಟ್ಟೆ.

"ನಿಂದ್ರಬ್ಯಾಡ. ಇಲ್ಲೇ ಎಲ್ಲಾರೂ ನಿಂದರ್ತಾರ.
ಇಲ್ಲಾ, ಸಿಟ್ಟಿಗೆದ್ದು ಕೊಡಾನ ಡಬ್ಬ ಹಾಕತಾರ.
ಇನ್ನೊಂದೀಟು. ಈಗ ಮಗ್ಗಲಾ ಬದಲಸತೈತಿ."

ಇನ್ನೊಂದೀಟು.
ಕೋಲು ಒಮ್ಮೆಲೇ ಹಗುರಾಯಿತು.
ಕಣ್ಣಿಗಿಂತ ಮೊದಲು ಭುಜಕ್ಕೆ ತಿಳಿಯಿತು:
ಇಷ್ಟು ಹೊತ್ತು ಎಣ್ಣೆಯ ಒಳಗಿದ್ದ ನೀರು
ಈಗ ಎಣ್ಣೆಯನ್ನು ಒಳಗಿಟ್ಟುಕೊಂಡಿದೆ.
ತೆಳ್ಳಗಿನ ಹಾಲು, ಅಂಚಿನಲ್ಲಿ ನೀಲಿ.
ಬ್ಯಾರಲ್ಲಿಗೆ ಬಗ್ಗಿಸಿದರೆ ಕಲಕುವ ಕೆಲಸವೂ ಇಲ್ಲ,
ಬೀಡಿ ಹೊಗೆಯ ಹಾಗೆ ತನ್ನಷ್ಟಕ್ಕೆ ಹಬ್ಬಿ
ಇನ್ನೂರು ಲೀಟರಿನ ತಳ ಮುಟ್ಟಿತು.

ಮೋಟಾರು ಹೊಡೆದು ಚೂರು ಮಾಡುತ್ತದೆ, ಅಂದೆ.
ಇದು, ತಾನಾಗಿ ಚೂರಾಗುವ ಗಳಿಗೆಗೆ ಕಾಯುವುದು.
ಕಣದ ಗಾತ್ರ ಹೇಳಿದೆ, ಬೆಳಕು ನೀಲಿಯಾಗುವುದು ಹೇಳಿದೆ.
ಜನ್ನತಬಿ ಮೊದಲ ಕ್ರೇಟು ಅದ್ದಿ ಸುಮ್ಮನಿದ್ದಳು.
ಆಮೇಲೆ: "ನೂರಾ ಎಂಬತ್ತು. ಎತ್ತು.
ಎಣಸೂವಾಗ ಮಾತಾಡಸಬ್ಯಾಡವಾ."

ಎರಡನೇ ಕ್ರೇಟಿಗೂ ಮೂರನೆಯದಕ್ಕೂ ನಡುವೆ ಕೇಳಿದಳು:
"ಎಷ್ಟೊತ್ತು ಇರತೈತಿ ಅಂತ ಬರದಾರೇನು?"
ಬರೆದಿದ್ದರು. ಯಾವುದೂ ಇರುವುದಿಲ್ಲ; ಕೊನೆಗೆ
ಎಣ್ಣೆ ಮೇಲೆ, ನೀರು ಕೆಳಗೆ.
ಸ್ಥಿರ ಅಂದರೆ ತಡ, ಅಷ್ಟೇ.
"ಕೊನೀದು ಯಾರ ಕೇಳ್ಯಾರ? ಇವತ್ತಿಂದು ಹೇಳು.
ಮುನ್ನೂರು ಕ್ರೇಟು ಅದಾವು."

ಹತ್ತಕ್ಕೆ ಕರೆಂಟು ಬಂತು.
ಭಾವ ಬಂದ, ಬ್ಯಾರಲ್ಲಿನಲ್ಲಿ ಇಣುಕಿದ,
ಮೋಟಾರಿನ ಮೇಲಿನ ಗೋಣೀಚೀಲ ಸರಿಮಾಡಿ ಹೋದ.
ನಾವು ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಾಗ
ಅವಳು ಶೆಡ್ಡಿನ ಹಿಂದಿನ ನೆರಳಿಗೆ ಎದ್ದುಹೋದಳು.
ಬಿಸಿಲು ತಗಡಿನ ಮೇಲೆ ಚಟ್ ಚಟ್ ಎನ್ನುತ್ತಿತ್ತು.

ಕೊನೆಯ ಕ್ರೇಟು ಏರಿಸಿದ ಮೇಲೆ
ಮೊಬೈಲಿನ ಬೆಳಕು ಹಿಡಿದು ಬಗ್ಗಿ ನೋಡಿದೆ:
ದೇಟಿನ ಚೂರು, ಮುಳುಗಿದ ಒಂದು ಜೇನ್ನೊಣ,
ಬಿಳಿ. ಎಲ್ಲೂ ಕಣ್ಣಿಲ್ಲ.
ಊರ ಕಡೆಯಿಂದ ಆಜಾನು ಬಂತು.
ಅವಳು ಕೈ ತೊಳೆದಳು, ಮತ್ತೆ ತೊಳೆದಳು,
ಅಂಗೈಯ ಬಿರುಕುಗಳಲ್ಲಿ ಬಿಳಿ ಹಾಗೇ ಉಳಿಯಿತು.
ಕರವಸ್ತ್ರ ಬಿಚ್ಚಿ ಒಂದು ಖಜೂರ ಬಾಯಿಗಿಟ್ಟುಕೊಂಡು
ಇನ್ನೊಂದನ್ನು ನನ್ನ ಕಡೆ ಚಾಚಿ,
ಬೀಜ ಉಗಿದು ಹೇಳಿದಳು:
"ಕೋಲು ತೊಳದಿಡು. ಒಣಗಿದ್ರ ಜಿಗಟ ಹಿಡೀತೈತಿ."